ಗಾಜಿನೊಳಗಣ ನಡೆ

ಗಾಜು ಜಡವಸ್ತು, ಅದರೊಳಗೆ ಯಾವುದೂ ಚಲಿಸುವುದಿಲ್ಲ, ವಿದ್ಯುತ್ತನ್ನು ಅದು ಹತ್ತಿರ ಸೇರಿಸುವುದಿಲ್ಲ. ಹೀಗೆಂದು 31 ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿ, ಅದಕ್ಕಾಗಿ ತಿಂಗಳು ತಿಂಗಳು ಸಂಬಳವನ್ನೂ ಎಣಿಸಿಕೊಂಡವನು ನಾನು. ನಿವೃತ್ತನಾಗಿ ತುಮಕೂರು ರಸ್ತೆಯ ಮಾಕಳಿಯಲ್ಲಿ ನೆಲೆಸಿದ ಮೇಲೆ, ಹೋದ ಮಳೆಗಾಲದ ಒಂದು ಸಂಜೆ, ಇಪ್ಪತ್ತು ವರ್ಷದ ಹುಡುಗನೊಬ್ಬ ನನ್ನ ಈ ಪಾಂಡಿತ್ಯವನ್ನು ಎರಡೇ ಮಾತಿನಲ್ಲಿ ಉರುಳಿಸಿದ. ಆ ಸೋಲಿನ ವಿಷಯವನ್ನು ವಾಚಕರ ಮುಂದಿಡುವುದಕ್ಕೆ ನನಗೆ ಸಂಕೋಚವಿಲ್ಲ. ಸೋತದ್ದು ನಾನೊಬ್ಬನೇ ಅಲ್ಲವೆಂಬ ಅನುಮಾನವೇ ಈ ಬರೆಹಕ್ಕೆ ಕಾರಣ.

ಮಾಕಳಿಯೆಂದರೆ ಹೊರಗಿನವರಿಗೆ ಗೊತ್ತಿರುವುದು ಒಂದು ಔಷಧ ಕಂಪನಿಯ ಸೀಸೆಯ ಮೇಲಿನ ವಿಳಾಸವಾಗಿ ಮಾತ್ರ. ದೇಶದ ಯಾವ ಮೂಲೆಯ ಮನೆಯಲ್ಲಾದರೂ ಹಿಮಾಲಯದ ಡಬ್ಬಿಯೊಂದನ್ನು ತಿರುಗಿಸಿ ನೋಡಿದರೆ ನಮ್ಮೂರಿನ ಹೆಸರು ಕಂಡೀತು. ಇತ್ತೀಚೆಗೆ, 2024ರ ನವೆಂಬರಿನಲ್ಲಿ, ಮೆಟ್ರೊ ರೈಲು ಮಾದಾವರದವರೆಗೆ ಬಂದ ಮೇಲೆ ಪೇಟೆಯವರು ನಮ್ಮನ್ನು ಸ್ವಲ್ಪ ಹತ್ತಿರದವರೆಂದು ಎಣಿಸತೊಡಗಿದ್ದಾರೆ. ರಸ್ತೆಯ ಬದಿಯಲ್ಲಿ ಮೊಬೈಲ್ ಫೋನಿನ ಅಂಗಡಿಗಳು ಸಾಲುಗಟ್ಟಿವೆ. ಅವುಗಳಲ್ಲೊಂದಕ್ಕೆ ನನ್ನ ಫೋನಿನ ಮುಖಕ್ಕೆ ರಕ್ಷಣೆಯ ಗಾಜನ್ನು ಅಂಟಿಸಿಕೊಳ್ಳಲು ಹೋಗಿದ್ದೆ. ಹುಡುಗ ಆ ತೆಳುಗಾಜನ್ನು ಬೆರಳುಗಳ ನಡುವೆ ಹಿಡಿದು ಬಿಲ್ಲಿನ ಹಾಗೆ ಬಾಗಿಸಿ ತೋರಿಸಿದ.

“ಮೇಷ್ಟ್ರೇ, ಒಂದು ಮಾತು ಕೇಳ್ತೀನಿ. ನಮ್ಮ ಮನೆ ಕಿಟಕಿ ಗಾಜಿಗೆ ಒಂದು ಗೀರು ಬಿದ್ದರೆ ಸಾಕು, ಪಟ್ಟಂತ ಬಿಡುತ್ತೆ. ಇದು ಇಷ್ಟು ತಡ್ಕೊಳ್ಳುತ್ತಲ್ಲ, ಇದಕ್ಕೇನು ಮಾಡಿರ್ತಾರೆ?”

“ಟೆಂಪರ್ಡ್ ಗ್ಲಾಸು ಅಂತ ನೀನೇ ಹೇಳ್ತೀಯಲ್ಲಪ್ಪ. ಕೆಂಪಗೆ ಕಾಯಿಸಿ ಮೇಲಿಂದ ತಣ್ಣನೆ ಗಾಳಿ ಊದುತ್ತಾರೆ. ಮೈ ಮೊದಲು ಬಿಗಿಯುತ್ತೆ, ಒಳಗು ಆಮೇಲೆ ತಣಿದು ಮೈಯನ್ನು ಜಗ್ಗಿ ಹಿಡಿಯುತ್ತೆ.”

ಅವನು ಗಾಜನ್ನು ಅಡ್ಡಕ್ಕೆ ಹಿಡಿದು ಅದರ ಅಂಚನ್ನೇ ನೋಡಿದ. “ಇಷ್ಟು ತೆಳ್ಳಗಿರೋದಕ್ಕೆ ಒಳಗೂ ಹೊರಗೂ ಒಟ್ಟಿಗೇ ತಣ್ಣಗಾಗಿಬಿಡಲ್ವಾ ಸಾರ್?”

ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಬಸ್ಸಿನ ಪಕ್ಕದ ಗಾಜಿಗೆ ನಾನು ಹೇಳಿದ ಕ್ರಮ ಸಲ್ಲುತ್ತದೆ. ಕಾಗದದ ರಟ್ಟಿನಷ್ಟು ತೆಳುವಾದದ್ದಕ್ಕೆ ಸಲ್ಲುವುದಿಲ್ಲ. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಅವನಿಗೆ ಅದು ಹೊಳೆಯಿತು. ಪದವೀಧರನಾದ ನನಗೆ ಹೊಳೆಯಲಿಲ್ಲ. ಮನೆಗೆ ಬಂದು, ವಾರಗಟ್ಟಲೆ ಪುಸ್ತಕಗಳನ್ನು ಹುಡುಕಿ ಓದಿದೆ. ಆಗ ತಿಳಿದದ್ದು ಇದು.

ಕಿಟಕಿಯ ಗಾಜನ್ನು ಮರಳು, ಸೋಡಾ, ಸುಣ್ಣ ಇವುಗಳಿಂದ ಕರಗಿಸಿ ಮಾಡುತ್ತಾರೆಂಬುದು ಸರಿಯಷ್ಟೆ. ಮರಳಿನ ಸಿಲಿಕಾನ್ ಮತ್ತು ಆಮ್ಲಜನಕಗಳು ಹೆಣೆದುಕೊಂಡು ಒಂದು ಬಲೆಯಾಗುತ್ತವೆ. ಸೋಡಾದಿಂದ ಬಂದ ಸೋಡಿಯಂ ಆ ಬಲೆಯ ಕಣ್ಣುಗಳಲ್ಲಿ ಬಾಡಿಗೆದಾರನ ಹಾಗೆ ಕುಳಿತಿರುತ್ತದೆ. ತೂಕದಲ್ಲಿ ನೂರಕ್ಕೆ 13-14 ಪಾಲು ಸೋಡಿಯಂ ಆಕ್ಸೈಡು. ಹಳೆಯ ಇಗರ್ಜಿಗಳ ಕಿಟಕಿ ಗಾಜು ಶತಮಾನಗಳಲ್ಲಿ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗಿದೆ ಎಂದು ಹೇಳುವವರುಂಟು, ಅದು ಕಟ್ಟುಕಥೆ. ಬಲೆ ಅಲುಗುವುದಿಲ್ಲ. ಅಲುಗುವುದು ಬಾಡಿಗೆದಾರ. ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ವಿದ್ಯುದಂಶವುಳ್ಳ ಅಯಾನಾಗಿರುವ ಸೋಡಿಯಂ, ಸ್ವಲ್ಪ ಕಾವು ಸಿಕ್ಕಿದರೆ ಸಾಕು, ಒಂದು ಕಣ್ಣಿನಿಂದ ಪಕ್ಕದ ಕಣ್ಣಿಗೆ ಜಿಗಿಯುತ್ತದೆ.

ತೆಳುಗಾಜನ್ನು ಬಲಪಡಿಸುವವರು ಈ ಜಿಗಿತವನ್ನೇ ದುಡಿಸಿಕೊಳ್ಳುತ್ತಾರೆ. ಪೊಟ್ಯಾಸಿಯಂ ನೈಟ್ರೇಟ್, ಅಂದರೆ ನಮ್ಮ ಬಾಣಬಿರುಸಿನವರ ಪೆಟ್ಲುಪ್ಪನ್ನು, ಸುಮಾರು 400 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಕರಗಿಸಿ, ಆ ತೊಟ್ಟಿಯಲ್ಲಿ ಗಾಜನ್ನು ಕೆಲವು ಗಂಟೆ ಅದ್ದಿಡುತ್ತಾರೆ. ಗಾಜಿನ ಮೈಯ ಸೋಡಿಯಂ ಹೊರಟು ಉಪ್ಪಿಗೆ ಸೇರುತ್ತದೆ. ಉಪ್ಪಿನ ಪೊಟ್ಯಾಸಿಯಂ ತೆರವಾದ ಮನೆಗೆ ನುಗ್ಗುತ್ತದೆ. ಸೋಡಿಯಂ ಅಯಾನಿನ ತ್ರಿಜ್ಯ ಸುಮಾರು 0.1 ನ್ಯಾನೊಮೀಟರು, ಪೊಟ್ಯಾಸಿಯಮ್ಮಿನದು ಸುಮಾರು 0.14. (ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು.) ಸಣ್ಣವನು ಬಿಟ್ಟ ಕೋಣೆಯಲ್ಲಿ ದಪ್ಪನೆಯವನು ಸೇರಿದರೆ ಗೋಡೆ ಬಿಗಿಯಲೇಬೇಕು. ಇಡೀ ಮೈ ಹೀಗೆ ಒತ್ತೊತ್ತಾಗಿ ಬಿಗಿದಿರುವುದರಿಂದ ಬಿರುಕು ಬಾಯ್ದೆರೆಯಲಾರದು. ಈ ತತ್ತ್ವವನ್ನು 1962ರಲ್ಲಿ ಕಿಸ್ಲರ್ ಎಂಬ ಅಮೆರಿಕದ ವಿಜ್ಞಾನಿ ಬರೆದು ಪ್ರಕಟಿಸಿದರು. 2007ರ ಅನಂತರ ಅದು ಜಗತ್ತಿನ ಜೇಬುಗಳಿಗೆ ಇಳಿಯಿತು.

ಆದರೆ ಅಯಾನು ಗಾಜಿನೊಳಗೆ ನಡೆಯುತ್ತದೆಂಬ ಮಾತು 1962ಕ್ಕಿಂತ ಬಹಳ ಹಳೆಯದು. 1884ರಲ್ಲಿಯೇ ಜರ್ಮನಿಯ ವಾರ್ಬುರ್ಗ್, ಕಾದ ಗಾಜಿನ ಒಂದು ಮಗ್ಗುಲಲ್ಲಿ ಸೋಡಿಯಂ ಬೆರಸಿದ ಪಾದರಸವನ್ನೂ ಇನ್ನೊಂದು ಮಗ್ಗುಲಲ್ಲಿ ಬರಿಯ ಪಾದರಸವನ್ನೂ ಇರಿಸಿ, ವಿದ್ಯುತ್ತು ಹರಿಸಿ, ಸೋಡಿಯಂ ಗಾಜನ್ನು ಹಾದು ಆಚೆಗೆ ಬರುವುದನ್ನು ತೋರಿಸಿದ್ದರು. ನಾನು ಪಾಠ ಹೇಳಲು ನಿಂತದ್ದು ಅದಾಗಿ ನೂರು ವರ್ಷದ ಮೇಲೆ! ಹೆಸರಿನಲ್ಲೇ ಅರ್ಥವಿತ್ತು. 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ಆ ಗ್ರೀಕ್ ಶಬ್ದಕ್ಕೆ ‘ಹೋಗುವುದು’ ಎಂದೇ ಅರ್ಥ. ನಮ್ಮ ಉತ್ತರಾಯಣ ದಕ್ಷಿಣಾಯನಗಳ ‘ಅಯನ’ವೂ ಅದೂ ಒಂದೇ ಮೂಲಧಾತುವಿನ ಬಳಗವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪ್ರತಿ ಸಂಕ್ರಾಂತಿಗೆ ಎಳ್ಳು ಬೀರುವ ಮನೆಯವನಾದ ನನಗೆ, ನಡೆಯುವವನೆಂದೇ ಹೆಸರಾದವನು ನಡೆಯುತ್ತಾನೋ ಎಂದು ಕೇಳಬೇಕೆನ್ನಿಸಲಿಲ್ಲ.

ಇಷ್ಟು ಓದಿದವನಿಗೆ ಅಲ್ಲಿಗೇ ನಿಲ್ಲುವುದಾಗಲಿಲ್ಲ. ಅಯಾನನ್ನು ನಡೆಯಿಸಬಹುದಾದರೆ, ಬೇಕಾದ ಕಡೆ ನಡೆಯಿಸಿ ಬೇಡವಾದ ಕಡೆ ತಡೆಯಬಹುದು. ಹಾಗೆ ಮಾಡಿದರೆ ಗಾಜಿನ ಮೈಮೇಲೆ ಚಿತ್ತಾರ ಮೂಡಬೇಕು. ಮೂಡುತ್ತದೆ. ಗಾಜನ್ನು 200-300 ಡಿಗ್ರಿಗೆ ಕಾಯಿಸಿ, ಅತಿ ಸೂಕ್ಷ್ಮವಾದ ಉಬ್ಬುತಗ್ಗುಗಳುಳ್ಳ ಒಂದು ಅಚ್ಚನ್ನು ಅದರ ಮೇಲೆ ಒತ್ತಿ, ಅಚ್ಚಿಗೆ ಧನ ವಿದ್ಯುತ್ತಿನ ನೂರಾರು ವೋಲ್ಟನ್ನು ಕೊಡುತ್ತಾರೆ. ಅಚ್ಚಿನ ಉಬ್ಬು ಮುಟ್ಟಿದ ಕಡೆ ಸೋಡಿಯಂ ಒಳಕ್ಕೆ ಓಡುತ್ತದೆ. ಮುಟ್ಟದ ಕಡೆ ಇದ್ದಲ್ಲೇ ಇರುತ್ತದೆ. ತಣಿಸಿದರೆ ಓಡಿದವು ಮರಳಿ ಬರಲಾರವು. ಸೋಡಿಯಂ ತೊರೆದ ಭಾಗ ಒಂದಿಷ್ಟು ಕುಗ್ಗುತ್ತದೆ. ಅಚ್ಚಿನ ಪಡಿನೆಳಲು ಕೆಲವು ಹತ್ತು ನ್ಯಾನೊಮೀಟರುಗಳ ಏರಿಳಿತವಾಗಿ ಗಾಜಿನ ಮೇಲೆ ನಿಲ್ಲುತ್ತದೆ. ಕಣ್ಣಿಗೆ ಏನೂ ಕಾಣದು. ಆದರೆ ಬೆಳಕಿಗೆ ಅದು ಗೊತ್ತು. ಚಾಪೆಯ ಕೆಳಗೆ ನುಸುಳಿದವನಿಗೆ ರಂಗೋಲಿಯ ಕೆಳಗೆ ನುಸುಳುವವನು ಸಿಕ್ಕ ಎಂದು ನಮ್ಮಲ್ಲಿ ಗಾದೆಯಿದೆ; ಇಲ್ಲಿ ನುಸುಳಿದ್ದೇ ರಂಗೋಲಿಯಾಗುತ್ತದೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಳ್ಳಿಯ ಸಂಗತಿ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಆ ಕಪ್ಪೇ ಬೆಳ್ಳಿಯ ಸಲ್ಫೈಡು. ನಮ್ಮ ಮನೆಯಾಕೆ ಹಬ್ಬದ ಮುನ್ನಾದಿನ ವಿಭೂತಿ ಹಚ್ಚಿ ತಿಕ್ಕಿ ತೆಗೆಯುವ ಈ ಕಪ್ಪಿನೊಳಗೆ ಬೆಳ್ಳಿಯ ಅಯಾನು ಸಲೀಸಾಗಿ ಓಡಾಡುತ್ತದೆಯಂತೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಆ ಕಪ್ಪು ವಸ್ತುವಿನಿಂದಲೇ ಒಂದು ಮೊಹರನ್ನು ಮಾಡಿದರು. ಗಾಜಿನ ಮೇಲೆ ಬೆಳ್ಳಿಯ ತೆಳುಪೊರೆ ಹಚ್ಚಿ, ಅದರ ಮೇಲೆ ಮೊಹರನ್ನೊತ್ತಿ, ಒಂದು ವೋಲ್ಟಿಗೂ ಕಡಿಮೆ ವಿದ್ಯುತ್ತನ್ನು ಕೊಟ್ಟರೆ, ಮೊಹರು ಮುಟ್ಟಿದ ಕಡೆಯ ಬೆಳ್ಳಿಯೆಲ್ಲ ಅಯಾನಾಗಿ ಮೊಹರಿನೊಳಕ್ಕೆ ಹೊರಟುಹೋಗುತ್ತದೆ. ಉಳಿದದ್ದೇ ಚಿತ್ತಾರ. 2007ರಲ್ಲಿ ಅವರು ಪ್ರಕಟಿಸಿದ ವಿಧಾನ ಇದು. ಗೆರೆಗಳು ಸುಮಾರು 50 ನ್ಯಾನೊಮೀಟರಿನಷ್ಟು ಸಣ್ಣವು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ್ದು ಇನ್ನೊಂದು ಬಗೆ. ಕ್ರೋಮಿಯಂನ ತೆಳುಪೊರೆಯ ಮೇಲೆ ಸೂಜಿಮೊನೆಯನ್ನಿರಿಸಿ ಋಣ ವಿದ್ಯುತ್ತು ಕೊಟ್ಟರೆ, ಮೊನೆಯ ಕೆಳಗಿನ ಲೋಹ ದ್ರವದಂತಾಗಿ ಹೊರಕ್ಕೆ ಹರಿದು ಗೆರೆ ಬೀಳುತ್ತದೆ. ತಾಳೆಗರಿಯ ಮೇಲೆ ಕಂಠವನ್ನು ಓಡಿಸಿದ ಹಾಗೆ.

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ನನ್ನ ಅಭಿಪ್ರಾಯವಿರುವುದು ಇನ್ನು ಮುಂದೆ.

ಮಾಕಳಿಯಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವುದು ಪೀಣ್ಯ. ಅಲ್ಲಿನ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಎಷ್ಟೋ ಪ್ಲೇಟಿಂಗ್ ಮಾಡುವವು. ತೊಟ್ಟಿಯಲ್ಲಿ ಲವಣದ್ರಾವಣ, ಅದರಲ್ಲಿ ತೂಗಿಬಿಟ್ಟ ಬಿಡಿಭಾಗಗಳು, ಪಕ್ಕದಲ್ಲಿ ರೆಕ್ಟಿಫೈಯರು. ಈ ಕಸುಬು ಏನು? ಅಯಾನನ್ನು ಇಲ್ಲಿಂದ ಅಲ್ಲಿಗೆ ನಡೆಯಿಸುವುದೇ. ನಿಕಲ್ಲಿನ, ಸತುವಿನ, ಕ್ರೋಮಿಯಂನ ಅಯಾನುಗಳನ್ನು ಎಷ್ಟು ಹೊತ್ತು, ಎಷ್ಟು ವೇಗದಲ್ಲಿ, ಯಾವ ಬಿಸಿಯಲ್ಲಿ ನಡೆಸಿದರೆ ಹೊಳಪು ಬರುತ್ತದೆ, ಎಲ್ಲಿ ಸಿಪ್ಪೆಯೇಳುತ್ತದೆ ಎಂಬುದು ಅಲ್ಲಿನ ಕೆಲಸಗಾರರಿಗೆ ಕೈಯಲ್ಲಿ ತಿಳಿದಿದೆ. ಅವರು ದ್ರಾವಣದ ಹುಳಿಯನ್ನು ಅಳೆಯುವುದಕ್ಕೆ ಅದ್ದುವ ಕಡ್ಡಿಯ ತುದಿಯಲ್ಲಿರುವುದೂ ಒಂದು ಗಾಜಿನ ಬುಗ್ಗೆ. 1906ರಲ್ಲಿ ಕ್ರೆಮರ್, 1909ರಲ್ಲಿ ಹಾಬರ್ ಮತ್ತು ಕ್ಲೆಮೆನ್ಸಿಯೆವಿಚ್ ತಿದ್ದಿ ತೀಡಿದ ಆ ಸಾಧನ ಕೆಲಸ ಮಾಡುವುದೇ ಗಾಜಿನ ಮೈಯ ಅಯಾನುಗಳೂ ದ್ರಾವಣದ ಅಯಾನುಗಳೂ ಕೊಡುಕೊಳ್ಳುವಿಕೆ ನಡೆಸುವುದರಿಂದ. ಗಾಜು ನಿಜವಾಗಿ ಜಡವಾಗಿದ್ದರೆ ಪೀಣ್ಯದಲ್ಲಿ ಒಬ್ಬರಿಗೂ ಪಿಎಚ್ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಕಡೆ, ನಮ್ಮದೇ ದಾಸನಪುರ ಹೋಬಳಿಯ ಶಿವನಪುರದಲ್ಲಿ, ನಮ್ಮದೇ ಅಂಚೆಯ 562162ರ ವಿಳಾಸದಲ್ಲಿ, ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವಿದೆ. ಅದು ಇಲ್ಲಿಗೆ ಬರುವ ಮೊದಲು ಜಾಲಹಳ್ಳಿಯಲ್ಲಿತ್ತು. 1991ರಲ್ಲಿ ಅದನ್ನು ದ್ರವಸ್ಫಟಿಕಗಳ ಸಂಶೋಧನೆಗಾಗಿ ಕಟ್ಟಿದವರು ಪ್ರೊಫೆಸರ್ ಎಸ್. ಚಂದ್ರಶೇಖರ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1961ರಿಂದ ಭೌತಶಾಸ್ತ್ರ ಕಲಿಸಿದವರು. 1977ರಲ್ಲಿ ರಾಮನ್ ಸಂಶೋಧನಾಲಯದಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಸಂಗಡಿಗರೊಡನೆ ಕಂಡುಹಿಡಿದವರು. ದ್ರವಸ್ಫಟಿಕದ ಪರದೆಯನ್ನು ಬಲ್ಲವರಿಗೆ ಗೊತ್ತು: ಅದರಲ್ಲಿ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಬೇಕಾದರೆ ಗಾಜಿಗೆ ಹಚ್ಚಿದ ಲೇಪದ ಮೇಲೆ ಮಖಮಲ್ಲಿನ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಾರೆ. ಬಟ್ಟೆ ಎಳೆದ ಜಾಡೇ ಅಣುಗಳಿಗೆ ದಾರಿ. ಅಲ್ಲದೆ ಗಾಜಿನ ಸೋಡಿಯಂ ಪರದೆಯೊಳಕ್ಕೆ ಜಿನುಗಿ ಅದನ್ನು ಕೆಡಿಸದಿರಲೆಂದು ನಡುವೆ ಸಿಲಿಕಾದ ತೆಳುಪದರವನ್ನು ಅಡ್ಡಗೋಡೆಯಾಗಿ ಕಟ್ಟುತ್ತಾರೆ. ಒಂದು ಕಡೆ ನಡೆಯಲೆಂದು ಬೇಡುವ ಅಯಾನನ್ನು ಇನ್ನೊಂದು ಕಡೆ ನಡೆಯಬೇಡವೆಂದು ತಡೆಯುವುದು!

ಈ ಕೇಂದ್ರದ ನಿರ್ದೇಶಕರಾಗಿ 2015ರಲ್ಲಿ ಬಂದ ಜಿ. ಯು. ಕುಲಕರ್ಣಿಯವರು ಅದಕ್ಕೆ ಮೊದಲು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಂಗಡಿಗರೊಡನೆ ಮಾಡಿದ ಒಂದು ಕೆಲಸವನ್ನು ನಾನು ಪದೇ ಪದೇ ನೆನೆಯುತ್ತೇನೆ. ಅದರಲ್ಲಿ ಅಯಾನಿನ ಮಾತಿಲ್ಲ. ಗೆರೆಗಳೂ ಮೈಕ್ರೋಮೀಟರಿನ ಲೆಕ್ಕದವು. ಆದರೂ ನನ್ನ ವಾದಕ್ಕೆ ಅದೇ ಆಧಾರ. ಒಣಗಿದ ಕೆರೆಯ ಅಂಗಳ ಬಾಯಿ ಬಿಡುವುದನ್ನು ಹೆಸರಘಟ್ಟದಲ್ಲಿ ನಾವೆಲ್ಲ ನೋಡಿದ್ದೇವೆ. ಹಾಗೆ ಒಣಗುವಾಗ ಬಿರಿಯುವ ಒಂದು ಲೇಪವನ್ನು ಅವರು ಗಾಜಿನ ಮೇಲೆ ಹಚ್ಚಿದರು. ಬಿರುಕುಗಳು ತಾವಾಗಿ ಒಂದಕ್ಕೊಂದು ಕೂಡಿಕೊಂಡು ಬಲೆಯಾದವು. ಮೇಲೆ ಲೋಹವನ್ನು ಕೂರಿಸಿ, ಲೇಪವನ್ನು ತೊಳೆದುಬಿಟ್ಟರೆ, ಬಿರುಕಿದ್ದ ಕಡೆಯಷ್ಟೇ ಲೋಹದ ಎಳೆ ಉಳಿಯಿತು. ಗಾಜು ಪಾರದರ್ಶಕವಾಗಿಯೇ ಇದ್ದು ವಿದ್ಯುತ್ತನ್ನು ಹರಿಸಿತು. ಬೇಕಾದರೆ ಬೆಚ್ಚಗೂ ಆಯಿತು. ಒಡೆದ ಕನ್ನಡಿಯಲ್ಲಿ ಮುಖ ನೋಡಬಾರದೆಂದು ಗದರಿಸಿಕೊಂಡು ಬೆಳೆದ ನಾಡಿನಲ್ಲಿ, ಬಿರುಕನ್ನೇ ಅಚ್ಚಾಗಿ ಬಳಸಿಕೊಂಡವರು ಹುಟ್ಟಿದರು. ಅಪರೂಪದ ಇಂಡಿಯಂ ಲೋಹವೂ ಬೇಡ, ಬೆಳಕಿನಿಂದ ಗೆರೆ ಕೊರೆಯುವ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಬೇಡ.

ನನ್ನ ಮಾತು ಇಷ್ಟೇ: ಗಾಜಿನ ಮೈಯನ್ನು ಓದಬಲ್ಲವರೂ ಅಯಾನನ್ನು ನಡೆಯಿಸಬಲ್ಲವರೂ ಒಂದೇ ರಸ್ತೆಯ ಎರಡು ತುದಿಗಳಲ್ಲಿದ್ದಾರೆ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರ ಭಾಷೆಯಲ್ಲಿ ಇಲ್ಲ. ಸರ್ಕಾರ 2021ರ ಡಿಸೆಂಬರಿನಲ್ಲಿ ಅರೆವಾಹಕಗಳ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಯ ಯೋಜನೆಯನ್ನು ಘೋಷಿಸಿತು. ಬರಲಿ, ಬೇಡವೆನ್ನಲು ನಾನಾರು? ಆದರೆ ಸಣ್ಣದನ್ನು ಮಾಡುವುದೆಂದರೆ ಚಿಪ್ಪು ಮಾಡುವುದೊಂದೇ ಎಂದು ನಾವೆಲ್ಲ ನಂಬಿ ಕುಳಿತರೆ, ಉಪ್ಪಿನ ತೊಟ್ಟಿ, ಮೊಹರು, ಬಿರುಕು ಇಂಥ ಬಡವರ ದಾರಿಗಳು ಪ್ರಬಂಧಗಳಲ್ಲೇ ಉಳಿದಾವು. ಪೀಣ್ಯದ ಸಣ್ಣ ಮಾಲೀಕ ಕೈಹಾಕಬಹುದಾದದ್ದು ಆ ದಾರಿಗಳಿಗೇ.

ಇದಕ್ಕೆ ಬರುವ ಆಕ್ಷೇಪವನ್ನು ಬಲ್ಲೆ. ಪ್ಲೇಟಿಂಗಿನ ಶೆಡ್ಡಿಗೂ ನ್ಯಾನೊಮೀಟರಿಗೂ ಎಲ್ಲಿಯ ಸಂಬಂಧ, ಒಂದು ಧೂಳಿನ ಕಣ ಬಿದ್ದರೆ ಸಾವಿರ ಗೆರೆ ಮುಚ್ಚಿಹೋಗುತ್ತದೆ ಎಂದು ಮಿತ್ರರೊಬ್ಬರು ನಕ್ಕರು. ಆ ನಗು ನ್ಯಾಯವಾದದ್ದೇ. ಶೆಡ್ಡು ನಾಳೆಯೇ ಪ್ರಯೋಗಶಾಲೆಯಾಗಲಾರದು. ಆದರೆ ಶುಚಿಯನ್ನು ಕಲಿಸಬಹುದು. ಕಾರಣವನ್ನು ತಿಳಿಸದೆ ಕಲಿಸಲಾಗದು. ಕಾರಣ ಹೇಳುವ ಪುಸ್ತಕ ಕನ್ನಡದಲ್ಲಿ ಬೇಕು. ‘ವಿದ್ಯುದ್ವಿಭಾಜ್ಯ’, ‘ಅತಿಸೂಕ್ಷ್ಮವಿನ್ಯಾಸೀಕರಣ’ ಎಂದು ನಾಲಗೆ ಹೊರಳದ ಶಬ್ದಗಳನ್ನು ಟಂಕಿಸಿ ಪೆಟ್ಟಿಗೆಯಲ್ಲಿಡುವುದರಿಂದ ಪ್ರಯೋಜನವಿಲ್ಲ. ನನ್ನ ಕಾಲದ ಪಠ್ಯಗಳ ಪಾಪದಲ್ಲಿ ನನ್ನದೂ ಪಾಲಿದೆ. ಅಯಾನು, ಅಚ್ಚು, ಪೊರೆ, ತೊಟ್ಟಿ, ಮೊಹರು, ಪೆಟ್ಲುಪ್ಪು: ಈ ಲೇಖನಕ್ಕೆ ಇಷ್ಟು ಸಾಕಾಯಿತಲ್ಲ!

ಇನ್ನೊಂದು ಆಕ್ಷೇಪವುಂಟು, ಅದನ್ನು ಎತ್ತಿದವರು ಮಿತ್ರರಲ್ಲ, ನಾನೇ. ಅಯಾನು ತೊಟ್ಟಿಯಲ್ಲಿ ಮಾತ್ರ ನಡೆಯುವುದಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ವರದಿಗಳಲ್ಲೇ ದಾಖಲಾದ ಸಂಗತಿ. ವಿಜ್ಞಾನ ಸಂಸ್ಥೆಯವರ ಸೂಜಿಮೊನೆಯ ಕೆಳಗೆ ಗೆರೆಯಾದ ಅದೇ ಲೋಹ, ಇಲ್ಲಿ ಹೊಳಪು ಕೊಟ್ಟ ಮೇಲೆ ಮಣ್ಣಿಗೆ ಇಳಿದು, ಯಾರೂ ವೋಲ್ಟು ಕೊಡದಿದ್ದರೂ ನಡೆದು, ಕೊಳವೆಬಾವಿಯನ್ನು ಮುಟ್ಟಿದೆ. ಗಾಜು ಜಡವೆಂದು ನಂಬಿದವನು ನೆಲವೂ ಜಡವೆಂದೇ ನಂಬುತ್ತಾನೆ. ಸುರಿದದ್ದು ಸುರಿದಲ್ಲೇ ಇರುತ್ತದೆಂದು ತಿಳಿಯುತ್ತಾನೆ. ಹಾಗೆ ತಿಳಿದವರಲ್ಲಿ ಕೆಲವರು ನನ್ನ ತರಗತಿಯ ಬೆಂಚಿನ ಮೇಲೆ ಕುಳಿತಿದ್ದವರೂ ಇರಬಹುದು.

ಹೋದ ವಾರ ಮತ್ತೆ ಆ ಅಂಗಡಿಗೆ ಹೋದೆ. ಸಾಲ ತೀರಿಸುವ ಮನಸ್ಸು. ಬಿಲ್ಲಿನ ಕಾಗದದ ಬೆನ್ನ ಮೇಲೆ ಬಲೆಯನ್ನು ಬರೆದು, ಸಣ್ಣ ಸೊನ್ನೆಗಳನ್ನು ಅಳಿಸಿ ದಪ್ಪ ಸೊನ್ನೆಗಳನ್ನು ತುರುಕಿ, ಗಾಜು ಗಟ್ಟಿಯಾಗುವ ಬಗೆಯನ್ನು ವಿವರಿಸಿದೆ. ಮೊದಲು ಹೇಳಿದ್ದು ತಪ್ಪೆಂದೂ ಒಪ್ಪಿಕೊಂಡೆ. ಹುಡುಗ ಗಿರಾಕಿಯೊಬ್ಬರನ್ನು ಕಾಯಿಸಿ ಪೂರ್ತಿ ಕೇಳಿದ. ಆಮೇಲೆ ಅಳಿಸಿದ ಸೊನ್ನೆಗಳ ಮೇಲೆ ಬೆರಳಿಟ್ಟ.

“ಹೊರಗೆ ಬಂದ ಸೋಡಿಯಂ ಎಲ್ಲಿ ಹೋಗುತ್ತೆ ಮೇಷ್ಟ್ರೇ?”

“ತೊಟ್ಟಿಯ ಉಪ್ಪಲ್ಲೇ ಸೇರ್ಕೊಳ್ಳುತ್ತಪ್ಪ. ಬರ್ತಾ ಬರ್ತಾ ಅದು ಹೆಚ್ಚಾದರೆ ಉಪ್ಪು ಕೆಲಸಕ್ಕೆ ಬರಲ್ಲ. ಬದಲಾಯಿಸಬೇಕು.”

“ಹಳೇದನ್ನ ಎಲ್ಲಿ ಸುರೀತಾರೆ?”

ನಾನು ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಕೇಳಿಕೊಂಡು ಬಂದು ಹೇಳುತ್ತೇನೆಂದು ಹೊರಟೆ.